ಎರಡು ಸರತಿ ಸಾಲುಗಳು

ಬ್ರಿಟನ್ನಿನ ಚುನಾವಣಾ ಪೋಸ್ಟರ್‌ಗಳ ಮಾತು ಬಂದಾಗಲೆಲ್ಲ ನನ್ನ ಕಣ್ಣ ಮುಂದೆ ಎರಡು ಸರತಿ ಸಾಲುಗಳು ಬಂದು ನಿಲ್ಲುತ್ತವೆ. ಒಂದು 1978ರದು, ಇನ್ನೊಂದು 2016ರಲ್ಲಿ ಯುರೋಪಿಯನ್ ಒಕ್ಕೂಟದಿಂದ ಹೊರಬರುವ (ಬ್ರೆಕ್ಸಿಟ್) ಕುರಿತು ನಡೆದ ಜನಮತಗಣನೆಯ ಕಾಲದ್ದು. ಮೊದಲನೆಯದರಲ್ಲಿ ನಿರುದ್ಯೋಗ ಕಚೇರಿಯ ಫಲಕದ ಬಳಿ ನೆರೆದವರ ಸಾಲು ಬಿಳಿ ಹಿನ್ನೆಲೆಯ ಮೇಲೆ ಬಳುಕುತ್ತ ದೂರ ಹೋಗಿ ಚುಕ್ಕೆಗಳಾಗುತ್ತದೆ. ಮೇಲೆ ದಪ್ಪಕ್ಷರಗಳಲ್ಲಿ ‘ಲೇಬರ್ ಈಸಂಟ್ ವರ್ಕಿಂಗ್’ ಎಂಬ ಮೂರೇ ಪದಗಳು: ಆಗ ಆಳುತ್ತಿದ್ದ ಲೇಬರ್ ಪಕ್ಷದಿಂದ ಕೆಲಸ ಸಾಗುತ್ತಿಲ್ಲ ಎಂದೂ ಆಗುತ್ತದೆ, ದುಡಿಯುವವರಿಗೆ ಕೆಲಸವಿಲ್ಲ ಎಂದೂ ಆಗುತ್ತದೆ. ಎರಡನೆಯದರಲ್ಲಿ ಯುರೋಪಿನ ಯಾವುದೋ ಬಯಲಿನ ದಾರಿ ತುಂಬ ನಿರಾಶ್ರಿತರು ನಮ್ಮತ್ತಲೇ ನಡೆದು ಬರುತ್ತಿದ್ದಾರೆ. ಮೇಲೆ ‘ಬ್ರೇಕಿಂಗ್ ಪಾಯಿಂಟ್’, ಅಂದರೆ ಇನ್ನು ತಾಳಲಾಗದ ಹಂತ, ಎಂಬ ಒಕ್ಕಣೆ. ಎರಡರ ತಂತ್ರವೂ ಒಂದೇ. ನೋಡುವವರು ಸಾಲಿನಲ್ಲಿರುವ ಯಾರ ಮುಖವನ್ನೂ ಗುರುತಿಸಬೇಕಾಗಿಲ್ಲ, ಸಾಲು ಉದ್ದವಾಗಿದೆ ಎನ್ನುವುದು ಮನಸ್ಸಿಗೆ ತಟ್ಟಿದರೆ ಸಾಕು. ಹಾಗಿದ್ದೂ ಮೊದಲನೆಯ ಪೋಸ್ಟರನ್ನು ನಾನು ಅದರ ಕಸುಬುದಾರಿಕೆಗಾಗಿ ಮೆಚ್ಚಿಕೊಳ್ಳಬಲ್ಲೆ. ಎರಡನೆಯದನ್ನು ನೋಡಿದರೆ ಇಂದಿಗೂ ಸಂಕಟವಾಗುತ್ತದೆ. ಈ ವ್ಯತ್ಯಾಸ ಕೇವಲ ನನ್ನ ರಾಜಕೀಯ ಒಲವಿನಿಂದ ಬಂದದ್ದೇ, ಅಥವಾ ಪೋಸ್ಟರ್ ಎಂಬ ಮಾಧ್ಯಮದ ಒಳಗೇ ಅದಕ್ಕೆ ಕಾರಣವಿದೆಯೇ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡುತ್ತ ಬಂದಿದೆ.

ಗೋಡೆಗೆ ಸಿಕ್ಕ ಬೆಲೆ

2015ರ ಏಪ್ರಿಲ್‌ನಲ್ಲಿ ಅಪ್ಪ ನಮ್ಮ ಮನೆಗೆ ಬಂದಿದ್ದರು. ಹಾಸನ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತರಾದವರು. ಹತ್ತಾರು ಚುನಾವಣೆಗಳಲ್ಲಿ ಮತಗಟ್ಟೆ ಅಧಿಕಾರಿಯಾಗಿ ದುಡಿದವರು. ಮೇ 7ಕ್ಕೆ ಇಲ್ಲಿ ಸಾರ್ವತ್ರಿಕ ಚುನಾವಣೆ ಎಂದು ಹೇಳಿದರೂ ಅವರಿಗೆ ನಂಬಿಕೆ ಬಂದಿರಲಿಲ್ಲ. ಉತ್ತರ ಇಂಗ್ಲೆಂಡಿನ ನಮ್ಮ ಬೀದಿಯಲ್ಲಿ ಮೈಕಿನ ಸದ್ದಿಲ್ಲ, ಬಾವುಟದ ತೋರಣವಿಲ್ಲ. ಅಲ್ಲೊಂದು ಇಲ್ಲೊಂದು ಮನೆಯ ಕಿಟಕಿಯ ಗಾಜಿಗೆ ಒಳಗಿನಿಂದ ಅಂಟಿಸಿದ ಕಾಗದ, ಇಬ್ಬರು ಮೂವರ ಕೈತೋಟದಲ್ಲಿ ಗೂಟಕ್ಕೆ ಬಿಗಿದ ಹಲಗೆ, ಅಷ್ಟೇ. ಒಂದು ದಿನ ಪೇಟೆಗೆ ಹೋಗುವಾಗ ರಸ್ತೆ ಬದಿಯ ದೊಡ್ಡ ಹೋರ್ಡಿಂಗ್ ಮುಂದೆ ಅವರು ನಿಂತೇಬಿಟ್ಟರು. ಕನ್ಸರ್ವೇಟಿವ್ ಪಕ್ಷದ ಪೋಸ್ಟರ್ ಅದು: ಸ್ಕಾಟ್ಲೆಂಡಿನ ಸ್ವಾತಂತ್ರ್ಯ ಬಯಸುವ ಪಕ್ಷದ ಮುಖಂಡ ಅಲೆಕ್ಸ್ ಸಾಲ್ಮಂಡ್ ಅವರ ಕೋಟಿನ ಎದೆ ಜೇಬಿನಲ್ಲಿ ಲೇಬರ್ ನಾಯಕ ಎಡ್ ಮಿಲಿಬ್ಯಾಂಡ್ ಪುಟ್ಟ ಗೊಂಬೆಯಷ್ಟಾಗಿ ನಿಂತಿದ್ದಾರೆ. ಯಾರು ಯಾರು, ಯಾವ ಪಕ್ಷ ಎಂದು ಕೇಳಿ ತಿಳಿದುಕೊಂಡ ಅಪ್ಪ, "ಅಲ್ಲಮ್ಮಾ, ದುಡ್ಡು ಇವರದು, ಮುಖ ಎದುರಾಳೀದು. ಇವರ ಕ್ಯಾಂಡಿಡೇಟ್ ಹೆಸರೇ ಇಲ್ವಲ್ಲ! ಇದು ಯಾರ ಪ್ರಚಾರ ಆಯ್ತು?" ಎಂದರು. ನಾಯಕನಿಂದ ಹಿಡಿದು ವಾರ್ಡಿನ ಮುಖಂಡನವರೆಗೆ ಎಲ್ಲರ ಭಾವಚಿತ್ರಕ್ಕೂ ಜಾಗ ಹುಡುಕುವ ನಮ್ಮ ಫ್ಲೆಕ್ಸ್‌ಗಳನ್ನು ಕಂಡವರಿಗೆ ಆ ಪ್ರಶ್ನೆ ಸಹಜವೇ ಆಗಿತ್ತು.

ಆದರೆ ಬ್ರಿಟಿಷ್ ಪೋಸ್ಟರ್ ಹೀಗಾದದ್ದಕ್ಕೆ ಕಾನೂನಿನ ಪಾತ್ರವೂ ಇದೆ. 1954ರಲ್ಲಿ ಖಾಸಗಿ ದೂರದರ್ಶನಕ್ಕೆ ಅವಕಾಶ ಕೊಟ್ಟ ಕಾಯ್ದೆಯೇ ಅದರಲ್ಲಿ ರಾಜಕೀಯ ಜಾಹೀರಾತನ್ನು ನಿಷೇಧಿಸಿತು. 2003ರ ಸಂವಹನ ಕಾಯ್ದೆಯೂ ಆ ನಿಷೇಧವನ್ನು ಉಳಿಸಿಕೊಂಡಿತು. ಪಕ್ಷಗಳಿಗೆ ಉಚಿತವಾಗಿ ಹಂಚುವ ಪ್ರಸಾರದ ವೇಳೆಯ ಹೊರತು ಟಿವಿಯಲ್ಲಿ ಒಂದು ಕ್ಷಣವನ್ನೂ ದುಡ್ಡು ಕೊಟ್ಟು ಕೊಳ್ಳುವಂತಿಲ್ಲ. ಹೀಗಾಗಿ ಅಮೆರಿಕದಲ್ಲಿ ಟಿವಿ ಜಾಹೀರಾತಿಗೆ ಹರಿದ ಪ್ರತಿಭೆ ಮತ್ತು ಹಣ ಇಲ್ಲಿ ಪತ್ರಿಕೆಯ ಪುಟಕ್ಕೂ ಇಪ್ಪತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಹೋರ್ಡಿಂಗಿಗೂ ಹರಿಯಿತು. ಅದಕ್ಕೂ ಹಿಂದೆ, 1883ರ ಚುನಾವಣಾ ಭ್ರಷ್ಟಾಚಾರ ತಡೆ ಕಾಯ್ದೆ ಅಭ್ಯರ್ಥಿಯ ಖರ್ಚಿಗೆ ಮಿತಿ ಹಾಕಿತ್ತು. ಮತದಾರನ ಮನೆಯ ಗೋಡೆಗೆ ಪೋಸ್ಟರ್ ಹಚ್ಚಲು ಅವನಿಗೆ ಹಣ ಕೊಡುವುದನ್ನು ಅಪರಾಧವೆಂದು ಸಾರಿತ್ತು, ಏಕೆಂದರೆ ಗೋಡೆ ಬಾಡಿಗೆಯ ಹೆಸರಿನಲ್ಲಿ ಮತ ಕೊಳ್ಳುವುದು ಆಗ ಸುಲಭದ ದಾರಿಯಾಗಿತ್ತು. ಪ್ರತಿ ಪೋಸ್ಟರಿನ ಮೇಲೂ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು ಎಂದದ್ದೂ ಅದೇ ಕಾಯ್ದೆ. ನಮ್ಮ 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 127ಎ ಕಲಮು ಕೇಳುವುದೂ ಅದನ್ನೇ. ಮತಗಟ್ಟೆ ಅಧಿಕಾರಿಯ ಕಣ್ಣು ಸುಮ್ಮನಿರಲಿಲ್ಲ. ಅಪ್ಪ ಆ ಹೋರ್ಡಿಂಗಿನ ಕೆಳಅಂಚಿನಲ್ಲಿ ಸಣ್ಣ ಅಕ್ಷರದ ಆ ಸಾಲನ್ನು ಹುಡುಕಿ, ಓದಿ, ಆಮೇಲೆಯೇ ಅಲ್ಲಿಂದ ಕದಲಿದರು.

ತಮ್ಮ ನಾಯಕನ ಮುಖವನ್ನೇ ನಂಬಿದ ಪೋಸ್ಟರ್‌ಗಳು ಇಲ್ಲಿ ಇರಲಿಲ್ಲವೆಂದಲ್ಲ. 1929ರಲ್ಲಿ ಕನ್ಸರ್ವೇಟಿವ್ ಪಕ್ಷ ಸ್ಟ್ಯಾನ್ಲಿ ಬಾಲ್ಡ್ವಿನ್ ಅವರ ಚಿತ್ರದೊಂದಿಗೆ ‘ಸೇಫ್ಟಿ ಫಸ್ಟ್’ ಎಂದಿತು, ಸೋತಿತು. 1945ರಲ್ಲಿ ಯುದ್ಧ ಗೆದ್ದ ಚರ್ಚಿಲ್ ಅವರ ಮುಖವನ್ನು ತೋರಿಸಿ, ಕೆಲಸ ಮುಗಿಸಲು ಇವರಿಗೆ ನೆರವಾಗಿ ಎಂದಿತು. ಜನ ಲೇಬರ್ ಪಕ್ಷಕ್ಕೆ 393 ಸ್ಥಾನ ಕೊಟ್ಟರು. ಗೆಲುವು ತಂದದ್ದು 1959ರಲ್ಲಿ, ನಾಯಕನೇ ಇಲ್ಲದ ಪೋಸ್ಟರಿನೊಂದಿಗೆ: ಊಟದ ಮೇಜಿನ ಸುತ್ತ ನಗುನಗುತ್ತ ಕುಳಿತ ಸಂಸಾರ, ಕನ್ಸರ್ವೇಟಿವ್ ಆಡಳಿತದಲ್ಲಿ ಬದುಕು ಹಸನಾಗಿದೆ ಎಂಬ ಮಾತು, ಲೇಬರ್ ಅದನ್ನು ಹಾಳುಮಾಡಲು ಬಿಡಬೇಡಿ ಎಂಬ ಎಚ್ಚರಿಕೆ. ಚುನಾವಣೆಗಳನ್ನು ಗೆಲ್ಲಿಸುವುದು ಪೋಸ್ಟರ್‌ಗಳೆಂದು ನಾನು ನಂಬುವುದಿಲ್ಲ. ಆದರೆ ಯಾವ ಪೋಸ್ಟರ್ ಜನರ ಬಾಯಲ್ಲಿ ಉಳಿಯುತ್ತದೆ, ಯಾವುದು ಮಳೆಯಲ್ಲಿ ನೆನೆದು ಹೋಗುತ್ತದೆ ಎನ್ನುವುದಕ್ಕೆ ಮಾತ್ರ ಒಂದು ಕ್ರಮವಿದೆ ಎಂದು ನನಗನ್ನಿಸುತ್ತದೆ. ಎದುರಾಳಿಯನ್ನು ಮಾತಿಗೆಳೆದದ್ದು ಉಳಿಯುತ್ತದೆ.

ಬ್ರೆಡ್ಡಿನಿಂದ ನಿರುದ್ಯೋಗದವರೆಗೆ

1903ರಲ್ಲಿ ಆಡಳಿತ ಪಕ್ಷದ ಮುಖಂಡ ಜೋಸೆಫ್ ಚೇಂಬರ್ಲಿನ್ ಆಮದು ಸುಂಕದ ಪರವಾಗಿ ಚಳವಳಿ ಹೂಡಿದಾಗ ಮುಕ್ತ ವ್ಯಾಪಾರದ ಪರವಿದ್ದ ಲಿಬರಲ್ ಪಕ್ಷ ಹಿಡಿದದ್ದು ಬಡವನ ಬ್ರೆಡ್ಡನ್ನು. ಗೋಡೆಗಳ ಮೇಲೆ ಎರಡು ಬ್ರೆಡ್ಡುಗಳು ಕಾಣಿಸಿಕೊಂಡವು: ಮುಕ್ತ ವ್ಯಾಪಾರದ ದೊಡ್ಡ ಬ್ರೆಡ್ಡು, ಸುಂಕದ ಚಿಕ್ಕ ಬ್ರೆಡ್ಡು. ಇನ್ನೊಂದು ಹೆಸರಾಂತ ಪೋಸ್ಟರಿನಲ್ಲಿ ಎರಡು ಅಂಗಡಿಗಳು. ಒಂದು ಸರಕು ತುಂಬಿ ಗಿರಾಕಿಗಳಿಂದ ಗಿಜಿಗುಡುತ್ತಿದೆ, ಇನ್ನೊಂದು ಬಿಕೋ ಎನ್ನುತ್ತಿದೆ. ಅಕ್ಷರ ಬಾರದವರಿಗೂ ಅರ್ಥವಾಗುವಂಥ ವಾದ ಅದು. ಚೇಂಬರ್ಲಿನ್ ಅದನ್ನು ಲಕ್ಷಿಸದೆ ಬಿಡಬಹುದಿತ್ತು. ಬದಲಿಗೆ ಅದೇ ವರ್ಷ ಬರ್ಮಿಂಗ್‌ಹ್ಯಾಮಿನ ಬಿಂಗ್ಲಿ ಹಾಲ್‌ನ ತುಂಬಿದ ಸಭೆಯಲ್ಲಿ ಅವರು ಎರಡು ನಿಜವಾದ ಬ್ರೆಡ್ಡುಗಳನ್ನು ಎತ್ತಿ ಹಿಡಿದರು. ಒಂದು ಅಂದಿನ ಅಳತೆಯದು. ಇನ್ನೊಂದು ಸುಂಕದ ಪೂರ್ತಿ ಹೊರೆಯನ್ನು ಹಿಟ್ಟಿನಲ್ಲಿ ಕಳೆದು ಬೇಯಿಸಿದ್ದು. ಯಾವುದು ದೊಡ್ಡದು ಎಂದು ಕಣ್ಣಂದಾಜಿನಲ್ಲಿ ಹೇಳುವುದು ಕಷ್ಟ ಎಂಬುದೇ ಅವರ ಉತ್ತರವಾಗಿತ್ತು. ಚುನಾವಣೆಯಲ್ಲಿ ಅವರ ಪಕ್ಷಕ್ಕೆ ಇದರಿಂದ ಲಾಭವಾಗಲಿಲ್ಲ. ಆದರೂ ಇಲ್ಲಿ ನಡೆದದ್ದನ್ನು ನಾನು ಗೌರವದಿಂದ ಕಾಣುತ್ತೇನೆ: ಗೋಡೆಯ ಮೇಲೊಂದು ಆರೋಪ ಬಂತು, ಅದನ್ನು ಆರೋಪಿಯೂ ಕಂಡ, ಎಲ್ಲರೂ ನೋಡುತ್ತಿರುವಾಗ ಅದಕ್ಕೆ ಉತ್ತರ ಕೊಟ್ಟ.

1978ರ ಕಥೆ ಇನ್ನೂ ಕುತೂಹಲಕರ. ಆಗ ವಿರೋಧ ಪಕ್ಷದಲ್ಲಿದ್ದ ಕನ್ಸರ್ವೇಟಿವ್ ನಾಯಕಿ ಮಾರ್ಗರೆಟ್ ಥ್ಯಾಚರ್ ಅವರ ಪ್ರಚಾರದ ಉಸ್ತುವಾರಿ ಹೊತ್ತಿದ್ದ ಗಾರ್ಡನ್ ರೀಸ್ ಆಗಿನ್ನೂ ಬೆಳೆಯುತ್ತಿದ್ದ ಸಾಚಿ ಅಂಡ್ ಸಾಚಿ ಎಂಬ ಜಾಹೀರಾತು ಸಂಸ್ಥೆಯನ್ನು ಗೊತ್ತುಮಾಡಿದರು. ಅದನ್ನು ಕಟ್ಟಿದ ಅಣ್ಣತಮ್ಮಂದಿರು ಬಾಗ್ದಾದಿನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಲಂಡನ್ನಿಗೆ ಬಂದ ಯಹೂದಿ ಕುಟುಂಬದವರು. ಪೋಸ್ಟರಿನ ಕರಡನ್ನು ಕಂಡ ಥ್ಯಾಚರ್, ಇದರಲ್ಲಿ ಎಲ್ಲಕ್ಕಿಂತ ದೊಡ್ಡದಾಗಿರುವುದು ಎದುರು ಪಕ್ಷದ ಹೆಸರೇ ಅಲ್ಲವೇ ಎಂದು ತಕರಾರು ತೆಗೆದರೆಂಬುದು ಪ್ರಸಿದ್ಧವಾದ ಸಂಗತಿ. ಅಪ್ಪ ಹೋರ್ಡಿಂಗ್ ಮುಂದೆ ನಿಂತು ಕೇಳಿದ್ದೂ ಅದನ್ನೇ. ಕೊನೆಗೆ ಥ್ಯಾಚರ್ ಒಪ್ಪಿದರು. ಆಗಸ್ಟಿನಲ್ಲಿ ಪೋಸ್ಟರ್ ಹೊರಬಂತು, ಅದೂ ಬೆರಳೆಣಿಕೆಯ ಜಾಗಗಳಲ್ಲಿ. ಅದನ್ನು ದೇಶಕ್ಕೆಲ್ಲ ಮುಟ್ಟಿಸಿದ್ದು ಲೇಬರ್ ಸರ್ಕಾರದ ಹಣಕಾಸು ಸಚಿವ ಡೆನಿಸ್ ಹೀಲಿ. ಸಾಲಿನಲ್ಲಿ ನಿಂತಿರುವವರು ನಿಜವಾದ ನಿರುದ್ಯೋಗಿಗಳಲ್ಲ, ಇದು ಮೋಸ ಎಂದು ಅವರು ಬಹಿರಂಗವಾಗಿ ಗುಡುಗಿದರು. ಪತ್ರಿಕೆಗಳು, ಟಿವಿ ಸುದ್ದಿಗಳು ಆ ಜಗಳವನ್ನು ವರದಿ ಮಾಡುತ್ತ ಪೋಸ್ಟರನ್ನೂ ಮತ್ತೆ ಮತ್ತೆ ತೋರಿಸಿದವು. ದುಡ್ಡು ಕೊಟ್ಟರೂ ಜಾಗ ಸಿಗದ ದೂರದರ್ಶನದಲ್ಲಿ ಅದಕ್ಕೆ ಬಿಟ್ಟಿ ಜಾಗ ಸಿಕ್ಕಿತು. ಪ್ರಧಾನಿ ಕ್ಯಾಲಹನ್ ಆ ಶರತ್ಕಾಲದಲ್ಲಿ ನಡೆಯಬಹುದೆಂದು ಎಲ್ಲರೂ ಎಣಿಸಿದ್ದ ಚುನಾವಣೆಯನ್ನು ಮುಂದೂಡಿದರು, ಮುಷ್ಕರಗಳ ಚಳಿಗಾಲ ಬಂದು ಹೋಯಿತು, 1979ರ ಮೇ 3ರಂದು ಥ್ಯಾಚರ್ ಗೆದ್ದರು. 1982ರ ಆರಂಭಕ್ಕೆ ಅದೇ ಥ್ಯಾಚರ್ ಆಡಳಿತದಲ್ಲಿ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿತು. ಪೋಸ್ಟರಿನ ವಾದಕ್ಕೆ ವಾಸ್ತವ ಕೊಟ್ಟ ಈ ಉತ್ತರವನ್ನು ಅದರ ಜಾಣ್ಮೆಯನ್ನು ಹೊಗಳುವವರು ಸಾಮಾನ್ಯವಾಗಿ ನೆನೆಯುವುದಿಲ್ಲ. ನೆನೆಯಬೇಕು.

ನಾನು ಇಲ್ಲಿಗೆ ಬಂದ ಹೊಸತರಲ್ಲಿ, 2010ರ ಜನವರಿಯಲ್ಲಿ, ಕನ್ಸರ್ವೇಟಿವ್ ನಾಯಕ ಡೇವಿಡ್ ಕ್ಯಾಮರನ್ ಅವರ ಭಾರೀ ಮುಖವಿದ್ದ ಪೋಸ್ಟರ್ ಊರೂರಿನಲ್ಲೂ ಎದ್ದಿತು: ಹೀಗೇ ಮುಂದುವರಿಯಲಾಗದು, ಕೊರತೆಯನ್ನು ಕಡಿತಗೊಳಿಸುತ್ತೇನೆ, ಆರೋಗ್ಯ ಸೇವೆಯನ್ನಲ್ಲ ಎಂಬ ಭರವಸೆ. ಮುಖವನ್ನು ಕಂಪ್ಯೂಟರಿನಲ್ಲಿ ತಿದ್ದಿ ನುಣುಪಾಗಿಸಿದ್ದಾರೆಂದು ಜನ ಆಡಿಕೊಂಡರು. ಅದೇ ಮಾದರಿಯಲ್ಲಿ ತಮ್ಮದೇ ಒಕ್ಕಣೆ ಹಾಕಿ ಪೋಸ್ಟರ್ ತಯಾರಿಸಿಕೊಳ್ಳುವ ಜಾಲತಾಣವನ್ನು ಯಾರೋ ತೆರೆದರು. ಅಲ್ಲಿಂದ ಹೊರಟ ಅಣಕುಗಳು ಮೂಲವನ್ನೇ ಮುಚ್ಚಿಹಾಕಿದವು. ಏಪ್ರಿಲ್‌ನಲ್ಲಿ ಲೇಬರ್ ಪಕ್ಷ ಕ್ಯಾಮರನ್ ಅವರನ್ನು ಜನಪ್ರಿಯ ಟಿವಿ ಧಾರಾವಾಹಿಯ ಒರಟು ಪೊಲೀಸ್ ಅಧಿಕಾರಿಯ ವೇಷದಲ್ಲಿ, ಕೆಂಪು ಆಡಿ ಕಾರಿನ ಮೇಲೆ ಕೂರಿಸಿ, ಇವರು ದೇಶವನ್ನು 1980ರ ದಶಕಕ್ಕೆ ಎಳೆದೊಯ್ಯಲು ಬಿಡಬೇಡಿ ಎಂದು ಎಚ್ಚರಿಸಿತು. ಜನರಿಗೆ ಆ ಪಾತ್ರ ಬಲು ಇಷ್ಟ ಎಂಬುದನ್ನು ಎದುರಾಳಿಗಳು ಕೂಡಲೇ ಗುರುತಿಸಿ, ಅದೇ ಚಿತ್ರವನ್ನು ಒಕ್ಕಣೆ ಬದಲಿಸಿ ತಮ್ಮದಾಗಿಸಿಕೊಂಡರು. 2019ರ ಆರಂಭದಲ್ಲಿ ‘ಲೆಡ್ ಬೈ ಡಾಂಕೀಸ್’ ಎಂಬ ನಾಲ್ವರು ಗೆಳೆಯರ ಗುಂಪು ಲಂಡನ್ನಿನ ಒಂದು ಹೋರ್ಡಿಂಗಿಗೆ ಅಂಟಿಸಿದ ಮೊದಲ ಪೋಸ್ಟರಿನಲ್ಲಿ ಚಿತ್ರವೇ ಇರಲಿಲ್ಲ. ನನ್ನೊಂದಿಗೆ ಸ್ಥಿರತೆ, ಇಲ್ಲವಾದರೆ ಮಿಲಿಬ್ಯಾಂಡ್ ಜೊತೆ ಅವ್ಯವಸ್ಥೆ ಎಂದು ಕ್ಯಾಮರನ್ 2015ರಲ್ಲಿ ಹಾಕಿದ್ದ ಟ್ವೀಟ್ ಮಾತ್ರ ಇತ್ತು. ಬ್ರೆಕ್ಸಿಟ್ ಗೊಂದಲದಲ್ಲಿ ದೇಶವೇ ಮುಳುಗಿದ್ದಾಗ ಅದಕ್ಕೆ ಬೇರೆ ವಿವರಣೆ ಬೇಕಿರಲಿಲ್ಲ. ಅಪ್ಪ ನೋಡಿದ್ದ ಆ ಜೇಬಿನ ಪೋಸ್ಟರಿಗೆ ಉತ್ತರ ಬರಲು ನಾಲ್ಕು ವರ್ಷ ಹಿಡಿಯಿತು, ಆದರೆ ಬಂತು.

ಚಿತ್ರದಲ್ಲಿ ನಿಂತವರು

ಇಷ್ಟರವರೆಗೆ ಹೇಳಿದ್ದೆಲ್ಲ ಉತ್ತರ ಕೊಡಬಲ್ಲವರ ಕಥೆ. ಬ್ರೆಡ್ಡಿನ ಪೋಸ್ಟರ್‌ಗಳ ಪಕ್ಕದಲ್ಲೇ 1906ರ ಚುನಾವಣೆಯ ಗೋಡೆಗಳ ಮೇಲೆ ಇನ್ನೊಂದು ಬಗೆಯ ಚಿತ್ರಗಳಿದ್ದವು. ಬೋಯರ್ ಯುದ್ಧದ ನಂತರ ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲಿನ ಚಿನ್ನದ ಗಣಿಗಳಿಗೆ ಕೂಲಿಗಳು ಸಾಲದೆ, ಕನ್ಸರ್ವೇಟಿವ್ ಸರ್ಕಾರದ ಒಪ್ಪಿಗೆಯೊಂದಿಗೆ 1904ರಿಂದ 60 ಸಾವಿರಕ್ಕೂ ಹೆಚ್ಚು ಚೀನೀಯರನ್ನು ಕರಾರಿನ ಮೇಲೆ ಸಾಗಿಸಲಾಯಿತು. ಅನುಮತಿ ಚೀಟಿಯಿಲ್ಲದೆ ಗಣಿಯ ಆವರಣದಿಂದ ಅವರು ಹೊರಹೋಗುವಂತಿರಲಿಲ್ಲ, ಬೇರೆ ಕಸುಬು ಹಿಡಿಯುವಂತಿರಲಿಲ್ಲ, ಛಡಿ ಏಟಿನ ವರದಿಗಳೂ ಬಂದವು. ಇದು ಗುಲಾಮಗಿರಿ ಎಂದು ಲಿಬರಲ್‌ಗಳು ಕೂಗಿದ್ದರಲ್ಲಿ ಸತ್ಯಾಂಶವಿತ್ತು. ಆದರೆ ಪೋಸ್ಟರಿನ ಮೇಲೆ ಜಡೆ ಬಿಟ್ಟ, ಸಂಕೋಲೆ ತೊಟ್ಟ ಚೀನೀಯರ ಚಿತ್ರಗಳು ಮೂಡಿದಾಗ ನೋಡಿದವರಲ್ಲಿ ಹುಟ್ಟಿದ್ದು ಕನಿಕರವಲ್ಲ. ಆ ಚುನಾವಣೆಯನ್ನು ಹತ್ತಿರದಿಂದ ಕಂಡಿದ್ದ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಗ್ರಹಾಂ ವಾಲಸ್ ಎರಡು ವರ್ಷಗಳ ನಂತರ ಇದನ್ನು ನಿಷ್ಠುರವಾಗಿ ಬರೆದರು: ಗೋಡೆಯ ಮೇಲಿನ ಚೀನೀ ಮುಖಗಳು ಬಹಳಷ್ಟು ಮತದಾರರಲ್ಲಿ ಆ ಜನಾಂಗದ ಚಹರೆಯ ಮೇಲೆಯೇ ತಕ್ಷಣದ ದ್ವೇಷವನ್ನು ಕೆರಳಿಸಿದವು, ಆ ದ್ವೇಷ ಅಲ್ಲಿಂದ ಕನ್ಸರ್ವೇಟಿವ್ ಪಕ್ಷದ ಕಡೆಗೆ ವರ್ಗವಾಯಿತು. ಚುನಾವಣೆಗೆ ಸ್ವಲ್ಪ ಮುಂಚಿನವರೆಗೆ ಪ್ರಧಾನಿಯಾಗಿದ್ದ ಕನ್ಸರ್ವೇಟಿವ್ ನಾಯಕ ಬಾಲ್ಫರ್ ಮ್ಯಾಂಚೆಸ್ಟರಿನಲ್ಲಿ ತಮ್ಮ ಸ್ಥಾನವನ್ನೇ ಕಳೆದುಕೊಂಡರು. ತನ್ನ ಚಹರೆ ಇಂಗ್ಲೆಂಡಿನ ಬೀದಿಗಳಲ್ಲಿ ಯಾವ ಕೆಲಸಕ್ಕೆ ಬಳಕೆಯಾಗುತ್ತಿದೆ ಎಂಬ ಸುಳಿವು ಗಣಿಯ ಆಳದಲ್ಲಿದ್ದ ಕೂಲಿಗೆ ಇದ್ದಿರಲಾರದು. ಇದ್ದರೂ ಅವನು ಬಿಂಗ್ಲಿ ಹಾಲ್‌ನ ವೇದಿಕೆ ಹತ್ತುವಂತಿರಲಿಲ್ಲ.

ಈ ದೃಷ್ಟಿಯಿಂದ ನೋಡಿದರೆ 1978ರ ಸಾಲಿನ ಬಗ್ಗೆ ನನಗೆ ಏಕೆ ಕೋಪ ಬರುವುದಿಲ್ಲ ಎನ್ನುವುದು ಸ್ಪಷ್ಟವಾಗುತ್ತದೆ. ಅದರಲ್ಲಿ ನಿಂತವರು ಉತ್ತರ ಲಂಡನ್ನಿನ ಹೆಂಡನ್ ಪ್ರದೇಶದ ಯುವ ಕನ್ಸರ್ವೇಟಿವ್ ಕಾರ್ಯಕರ್ತರು. ನೂರು ಜನ ಬರಬೇಕಿದ್ದ ಕಡೆ ಇಪ್ಪತ್ತರಷ್ಟು ಮಂದಿ ಬಂದದ್ದರಿಂದ, ಹಗ್ಗ ಕಟ್ಟಿ ಸಾಲಿನ ಗೆರೆ ಗುರುತಿಸಿ, ಅವರನ್ನೇ ಮತ್ತೆ ಮತ್ತೆ ಬೇರೆ ಬೇರೆ ಕಡೆ ನಿಲ್ಲಿಸಿ ಫೋಟೋ ತೆಗೆದು, ಎಲ್ಲವನ್ನೂ ಜೋಡಿಸಲಾಯಿತು. ಹೀಲಿ ಹೇಳಿದಂತೆ ಅದು ನಾಟಕವೇ ಹೌದು. ಆದರೆ ನಾಟಕ ಆಡಿದವರು ಒಪ್ಪಿ ಬಂದವರು, ತಮ್ಮ ಪಕ್ಷಕ್ಕಾಗಿ ನಿಂತವರು, ಮತ ಹಾಕಬಲ್ಲವರು. ಅವರ ಮುಖದಿಂದ ಯಾವ ಜನಾಂಗದ ಮೇಲೂ ಭಯ ಹುಟ್ಟಬೇಕಾಗಿರಲಿಲ್ಲ.

2016ರ ಸಾಲಿನಲ್ಲಿ ಇದ್ದವರೆಲ್ಲ ನಿಜವಾದ ಮನುಷ್ಯರು, ನಿಜವಾಗಿ ಮನೆಮಠ ಬಿಟ್ಟು ಬಂದವರು. 2015ರ ಅಕ್ಟೋಬರ್‌ನಲ್ಲಿ ಕ್ರೊಯೇಷಿಯಾದ ಗಡಿ ದಾಟಿ ಸ್ಲೊವೇನಿಯಾದ ಒಳಗೆ, ಪೊಲೀಸರ ಕಾವಲಿನಲ್ಲಿ ನಡೆಯುತ್ತಿದ್ದಾಗ ಸುದ್ದಿ ಛಾಯಾಗ್ರಾಹಕರೊಬ್ಬರು ತೆಗೆದ ಚಿತ್ರ ಅದು. ಅವರಲ್ಲಿ ಯಾರೂ ಬ್ರಿಟನ್ನಿನ ಗಡಿಯಲ್ಲಿರಲಿಲ್ಲ. ಚಿತ್ರದಲ್ಲಿ ಎದ್ದು ಕಾಣುತ್ತಿದ್ದ ಒಂದೇ ಒಂದು ಬಿಳಿಯ ಮುಖದ ಮೇಲೆ ಪೋಸ್ಟರಿನ ಅಕ್ಷರದ ಚೌಕ ಬಂದು ಕೂತಿತ್ತು. ಜೂನ್ 16ರ ಬೆಳಿಗ್ಗೆ ಬ್ರೆಕ್ಸಿಟ್ ಪರವಾದ ಯುಕಿಪ್ ಪಕ್ಷದ ನಾಯಕ ನೈಜೆಲ್ ಫರಾಜ್ ಲಂಡನ್ನಿನಲ್ಲಿ ಅದನ್ನು ಅನಾವರಣ ಮಾಡಿದರು.

ಆ ಮಧ್ಯಾಹ್ನ ಕಚೇರಿಯ ಊಟದ ಕೋಣೆಯಲ್ಲಿ ನಾನೂ ಪೋಲೆಂಡಿನ ನನ್ನ ಸಹೋದ್ಯೋಗಿಯೂ ಅವಳ ಫೋನಿನಲ್ಲಿ ಆ ಚಿತ್ರವನ್ನು ನೋಡಿದೆವು. ಅವಳು ನನಗಿಂತ ಎಷ್ಟೋ ವರ್ಷ ಮೊದಲೇ ಇಲ್ಲಿಗೆ ಬಂದವಳು, ಅವಳ ಮಕ್ಕಳು ಇಲ್ಲೇ ಹುಟ್ಟಿದವರು. ಆದರೆ ಒಂದು ವಾರದ ನಂತರ ನಡೆಯಲಿದ್ದ ಜನಮತಗಣನೆಯಲ್ಲಿ ಅವಳಿಗೆ ಮತವಿರಲಿಲ್ಲ. ನನಗಿತ್ತು. ಇಲ್ಲಿ ನೆಲೆಸಿದ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಬ್ರಿಟಿಷ್ ಸಾರ್ವತ್ರಿಕ ಚುನಾವಣೆಗಳಲ್ಲಿ ಮತದಾನದ ಹಕ್ಕಿದೆ, ಆ ಜನಮತಗಣನೆಗೂ ಅದೇ ನಿಯಮ ಅನ್ವಯಿಸಿತ್ತು. ಭಾರತದ ಪಾಸ್‌ಪೋರ್ಟ್ ಹಿಡಿದು ಬಂದ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನಿಗೆ, ಮಂಗಳೂರಿನ ನರ್ಸಿಗೆ ಸಿಗುವ ಹಕ್ಕು ಪಕ್ಕದ ಫ್ರಾನ್ಸಿನವರಿಗೆ ಇಲ್ಲ ಎಂಬುದು ನಮ್ಮಲ್ಲಿ ಅನೇಕರಿಗೆ ಇಲ್ಲಿಗೆ ಬಂದ ಮೇಲೂ ಗೊತ್ತಿರುವುದಿಲ್ಲ. ಹಾಗಾಗಿ ಆ ಪೋಸ್ಟರ್ ನನ್ನನ್ನೂ ಉದ್ದೇಶಿಸಿತ್ತು. ಸಾಲಿನಲ್ಲಿದ್ದವರ ಮೈಬಣ್ಣವೇ ನನ್ನದೂ ಆಗಿದ್ದರೂ ಅವರನ್ನು ಕಂಡು ಹೆದರು ಎಂದು ನನ್ನನ್ನು ಕೇಳುತ್ತಿತ್ತು. ಸಹೋದ್ಯೋಗಿ ಚಿತ್ರವನ್ನು ದೊಡ್ಡದು ಮಾಡಿ, ಮುಂದಿನ ಸಾಲಿನ ಮುಖಗಳನ್ನು ಒಂದೊಂದಾಗಿ ನೋಡುತ್ತ ಹೋದಳು. ಹೆಚ್ಚಿನವರು ಗಂಡಸರು, ಚಳಿಗೆ ಜಾಕೆಟ್ ಹಾಕಿಕೊಂಡವರು, ನಡೆದು ದಣಿದವರು. "ಇವರಿಗೆ ಇದು ಗೊತ್ತಿದೆಯೋ ಇಲ್ಲವೋ" ಎಂದಷ್ಟೇ ಹೇಳಿದಳು. ಅದೇ ಮಧ್ಯಾಹ್ನ ನಮ್ಮೂರಿನಿಂದ ಹೆಚ್ಚು ದೂರವಲ್ಲದ ಬರ್ಸ್ಟಾಲ್‌ನಲ್ಲಿ ಸಂಸದೆ ಜೋ ಕಾಕ್ಸ್ ಅವರ ಕೊಲೆಯಾದ ಸುದ್ದಿ ಬಂತು. ಕೊಲೆಗೂ ಪೋಸ್ಟರಿಗೂ ನೇರ ಗಂಟು ಹಾಕುವುದು ಸರಿಯಲ್ಲ, ನಾನು ಹಾಕುವುದೂ ಇಲ್ಲ. ಆದರೆ ಆ ದಿನವನ್ನು ಬದುಕಿದವರ ಮನಸ್ಸಿನಲ್ಲಿ ಎರಡೂ ಒಟ್ಟಿಗೇ ಉಳಿದುಬಿಟ್ಟಿವೆ.

ಬ್ರೇಕಿಂಗ್ ಪಾಯಿಂಟಿಗೂ ಉತ್ತರಗಳು ಬಂದವು. ಯುನಿಸನ್ ಕಾರ್ಮಿಕ ಸಂಘದ ಮುಖ್ಯಸ್ಥರು ಪೊಲೀಸರಿಗೆ ದೂರು ಕೊಟ್ಟರು. ಯುರೋಪಿಯನ್ ಒಕ್ಕೂಟದಿಂದ ಹೊರಬರಬೇಕೆಂದು ವಾದಿಸುತ್ತಿದ್ದ ಮೈಕೆಲ್ ಗೋವ್ ಕೂಡ ಅದನ್ನು ಕಂಡು ನಡುಗಿದೆ ಎಂದರು. ಇವೆಲ್ಲ ಸಾಲಿನಲ್ಲಿದ್ದವರ ಪರವಾಗಿ ಬೇರೆಯವರು ಆಡಿದ ಮಾತುಗಳು. ಬ್ರಿಟಿಷ್ ಪೋಸ್ಟರಿನ ಇತಿಹಾಸದಲ್ಲಿ ವಲಸಿಗರನ್ನು ಚಿತ್ರದಲ್ಲಷ್ಟೇ ಅಲ್ಲ, ಮತದಾರರಾಗಿಯೂ ಕಂಡ ನಿದರ್ಶನವೂ ಇದೆ. 1983ರಲ್ಲಿ ಕನ್ಸರ್ವೇಟಿವ್ ಪಕ್ಷ ಸೂಟು ತೊಟ್ಟ ಕಪ್ಪು ಯುವಕನ ಚಿತ್ರ ಹಾಕಿ, ಲೇಬರ್ ಇವನನ್ನು ಕಪ್ಪು ಎನ್ನುತ್ತದೆ, ನಾವು ಬ್ರಿಟಿಷ್ ಎನ್ನುತ್ತೇವೆ ಎಂದು ಸಾರಿತು. ಕಪ್ಪಾಗಿದ್ದೂ ಬ್ರಿಟಿಷ್ ಆಗಿರಬಾರದೇ ಎಂದು ಆ ಸಮುದಾಯದೊಳಗಿನಿಂದಲೇ ಆಕ್ಷೇಪ ಎದ್ದಿತು. ಆಕ್ಷೇಪ ನ್ಯಾಯವಾದದ್ದೇ. ಆದರೂ ಚಿತ್ರದಲ್ಲಿ ಇದ್ದವರಿಗೇ ಆಕ್ಷೇಪಿಸುವ ಶಕ್ತಿ ಅಲ್ಲಿತ್ತು ಎಂಬುದನ್ನು ನಾನು ಮರೆಯಲಾರೆ.

ಯಾರಿಗೂ ಕಾಣದ ಗೋಡೆ

2024ರ ಜುಲೈ ಚುನಾವಣೆಯಲ್ಲಿ ನಾನು ಓಡಾಡುವ ದಾರಿಯಲ್ಲಿ ದೊಡ್ಡ ಹೋರ್ಡಿಂಗ್ ಮೇಲೆ ಪಕ್ಷದ ಪೋಸ್ಟರ್ ಒಂದೂ ಕಾಣಲಿಲ್ಲ. ಕಿಟಕಿಯ ಕಾಗದಗಳು, ಕೈತೋಟದ ಹಲಗೆಗಳು ಎಂದಿನಂತೆ ಇದ್ದವು. ಮತದಾನವಾದ ಹದಿನಾಲ್ಕು ದಿನಗಳೊಳಗೆ ಅವನ್ನು ತೆಗೆಯಬೇಕೆಂಬ ನಿಯಮವೂ ಹಾಗೇ ಇದೆ. ದೊಡ್ಡ ಖರ್ಚು ಮಾತ್ರ ಫೋನಿನೊಳಗೆ ಹೋಗಿತ್ತು. ನನ್ನ ಫೋನಿಗೆ ಬಂದ ಜಾಹೀರಾತುಗಳು ಮಗುವಿನ ಶಾಲೆ, ಮನೆ ಸಾಲದ ಬಡ್ಡಿಗಳ ಸುತ್ತ ತಿರುಗುತ್ತಿದ್ದವು. ಎದುರು ಮನೆಯ ನಿವೃತ್ತ ದಂಪತಿಗೆ ಬಂದವು ಪಿಂಚಣಿ ಮತ್ತು ಗಡಿಯ ಕುರಿತವು ಎಂದು ಬೇಲಿಯ ಬಳಿ ಮಾತಾಡುವಾಗ ತಿಳಿಯಿತು. ಅವರಿಗೆ ತೋರಿಸಿದ ಚಿತ್ರದಲ್ಲಿ ಯಾರು ನಿಂತಿದ್ದರು, ಯಾರ ಸಾಲು ಎಷ್ಟು ಉದ್ದವಿತ್ತು ಎಂಬುದು ನನಗೆ ಕಾಣುವುದಿಲ್ಲ. ಕಂಡಿದ್ದರೆ ಬೇಲಿಯ ಆಚೆಗೆ ಒಂದು ಮಾತು ಹೇಳಬಹುದಿತ್ತು.

ಕಾನೂನು ಈ ಬದಲಾವಣೆಯ ಹಿಂದೆ ನಿಧಾನವಾಗಿ ನಡೆದು ಬರುತ್ತಿದೆ. 1883ರಲ್ಲಿ ಕಾಗದದ ಪೋಸ್ಟರಿಗೆ ಹಾಕಿದ ಹೆಸರು, ವಿಳಾಸದ ಷರತ್ತನ್ನು 2022ರ ಚುನಾವಣಾ ಕಾಯ್ದೆ ಡಿಜಿಟಲ್ ಪ್ರಚಾರಕ್ಕೂ ವಿಸ್ತರಿಸಿತು. 2023ರ ನವೆಂಬರ್‌ನಿಂದ ಅದು ಜಾರಿಯಲ್ಲಿದೆ. ಅಪ್ಪ ಹೋರ್ಡಿಂಗಿನ ಕೆಳಗೆ ಹುಡುಕಿದ ಆ ಸಣ್ಣ ಸಾಲು ಈಗ ಫೋನಿನ ಜಾಹೀರಾತಿನಲ್ಲೂ ಇರಬೇಕು. ಯಾರು ಹೊರಡಿಸಿದರು ಎಂಬ ಪ್ರಶ್ನೆಗೆ ಅದು ಉತ್ತರಿಸುತ್ತದೆ. ಯಾರಿಗೆ ತೋರಿಸಿದರು, ಯಾರಿಂದ ಮರೆಮಾಡಿದರು ಎಂಬುದನ್ನು ಕೇಳುವ ಅಗತ್ಯ ಗೋಡೆಯ ಕಾಲದಲ್ಲಿ ಇರಲಿಲ್ಲವಾದ್ದರಿಂದ, ಅದನ್ನು ಕೇಳುವ ಕಲಮು ಆ ಹಳೆಯ ಕಾಯ್ದೆಯಲ್ಲಿ ಇರಲಿಲ್ಲ. ಹೊಸದರಲ್ಲಾದರೂ ಅದು ಇರಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.